ಜಲಮುದ್ರೆಯ ಪೂರ್ವೋತ್ತರ

೧

ವಾಸ್ತುವಿದ್ಯೆಯ ಚರಿತ್ರೆಯನ್ನು ಬರೆದ ವಿದ್ವಾಂಸರು ಸ್ತಂಭ, ಬೋದಿಗೆ, ಅಧಿಷ್ಠಾನ, ಶಿಖರಗಳ ವಿಚಾರವಾಗಿ ಸಂಪುಟಗಳನ್ನೇ ರಚಿಸಿರುತ್ತಾರೆ. ಮನೆಯೊಳಕ್ಕೆ ಬಂದ ನೀರು ಉಪಯೋಗವಾದ ಮೇಲೆ ಹೊರಕ್ಕೆ ಹೋಗುವ ದಾರಿಯ ವಿಷಯದಲ್ಲಿ ಅಷ್ಟು ಆದರವು ಕಂಡುಬರುವುದಿಲ್ಲ. ಬಚ್ಚಲೆಂದರೆ ಹೊಲಸು, ಹೊಲಸಿನ ಮಾತು ಶಾಸ್ತ್ರಗೋಷ್ಠಿಗೆ ಯೋಗ್ಯವಲ್ಲವೆಂಬ ಸಂಕೋಚವೇ ಇದಕ್ಕೆ ಕಾರಣವಾಗಿರಬಹುದು. ಆದರೆ ಮನುಷ್ಯರ ಆರೋಗ್ಯ ಮತ್ತು ಮಾನ ಇವೆರಡರ ದೃಷ್ಟಿಯಿಂದಲೂ ವಿಚಾರಿಸಿದರೆ, ಕಳೆದ ಎರಡೂವರೆ ಶತಮಾನಗಳ ಗೃಹೋಪಕರಣಗಳಲ್ಲಿ ಬಾಗಿದ ಒಂದು ತುಂಡು ಕೊಳವೆಯೂ ಅದರೊಳಗೆ ನಿಂತ ಒಂದೆರಡು ಬೊಗಸೆ ನೀರೂ ಮಾಡಿದ ಕೆಲಸವು ಸಾಮಾನ್ಯವಾದುದಲ್ಲ. ಈ ಉಪಕರಣವು ಯಾವಾಗ ಹುಟ್ಟಿತು, ಯಾವ ಕಾರಣದಿಂದ ಹಬ್ಬಿತು, ಭಾರತದ ಮತ್ತು ಕರ್ನಾಟಕದ ವ್ಯವಹಾರದಲ್ಲಿ ಅದಕ್ಕೆ ಯಾವ ಸ್ಥಾನವು ದೊರೆಯಿತು ಎಂಬ ಮೂರು ಪ್ರಶ್ನೆಗಳು ಇಲ್ಲಿ ವಿಚಾರಕ್ಕೆ ಬರುತ್ತವೆ.

ಮೊದಲು ಉಪಕರಣದ ಸ್ವರೂಪವನ್ನು ತಿಳಿಯಬೇಕು. ಕೈ ತೊಳೆಯುವ ತೊಟ್ಟಿಯ ಕೆಳಗಾಗಲಿ, ಬಚ್ಚಲ ನೆಲದ ಕೆಳಗಾಗಲಿ, ಕಕ್ಕಸಿನ ಪಾತ್ರೆಯ ಕೆಳಗಾಗಲಿ ನೀರು ಹೋಗುವ ಕೊಳವೆಯು ನೇರವಾಗಿ ಚರಂಡಿಗೆ ಇಳಿಯುವುದಿಲ್ಲ. ಅದು ಕೆಳಕ್ಕೆ ಇಳಿದು, ಮತ್ತೆ ಸ್ವಲ್ಪ ಮೇಲಕ್ಕೆ ಏರಿ, ಆ ಬಳಿಕ ಚರಂಡಿಯ ಕಡೆಗೆ ತಿರುಗುತ್ತದೆ. ಮೇಲಿನಿಂದ ನೀರನ್ನು ಸುರಿದಾಗ ಹೊಲಸೆಲ್ಲ ಕೊಚ್ಚಿಹೋಗುತ್ತದೆ. ಕಡೆಯಲ್ಲಿ ಬಂದ ನೀರು ಮಾತ್ರ ಬಾಗಿನಲ್ಲಿ ನಿಂತುಬಿಡುತ್ತದೆ. ಹೀಗೆ ನಿಂತ ನೀರು ಎರಡು ಕಡೆಯೂ ಸಮಮಟ್ಟದಲ್ಲಿದ್ದು ಕೊಳವೆಯ ಗಂಟಲನ್ನು ಮುಚ್ಚುವುದರಿಂದ ಚರಂಡಿಯ ಗಾಳಿಯು ಮನೆಯೊಳಕ್ಕೆ ಬರಲಾರದು. ನೀರಿಗೆ ದಾರಿಯುಂಟು, ಗಾಳಿಗೆ ದಾರಿಯಿಲ್ಲ. ತೆರೆಯುವ ಕದವಿಲ್ಲ, ಸವೆಯುವ ತಿರುಗಣಿಯಿಲ್ಲ. ಪ್ರತಿ ಸಲ ನೀರು ಸುರಿದಾಗಲೂ ಹಳೆಯ ಮುಚ್ಚಳವು ಹೋಗಿ ಹೊಸ ಮುಚ್ಚಳವು ತಾನಾಗಿಯೇ ಕೂಡುತ್ತದೆ. ಇದೇ ಈ ರಚನೆಯ ವೈಶಿಷ್ಟ್ಯ.

ಬಾಗಿದ ಕೊಳವೆಗೆ ಇಂಗ್ಲಿಷಿನವರು ಟ್ರ್ಯಾಪ್ ಎಂದು ಹೆಸರಿಟ್ಟರು. ನಮ್ಮ ಕೊಳಾಯಿ ಕೆಲಸದವರೂ ಗಾರೆಕೆಲಸದವರೂ ಅದೇ ಮಾತನ್ನು ಬಳಸುತ್ತಾರೆ. ಒಳಗೆ ನಿಂತ ನೀರಿಗೆ ವಾಟರ್ ಸೀಲ್ ಎಂದು ಹೆಸರು. ಇದನ್ನು ಜಲಮುದ್ರೆಯೆನ್ನುವುದಕ್ಕೆ ಶಾಸ್ತ್ರದ ಆಧಾರವೂ ಉಂಟು. ರಸಶಾಸ್ತ್ರದಲ್ಲಿ ಔಷಧಪಾತ್ರೆಗಳ ಬಾಯನ್ನು ಗಾಳಿಯಾಡದಂತೆ ಬಂಧಿಸುವ ಕ್ರಿಯೆಗೆ ಮುದ್ರೆಯೆಂಬ ಮಾತು ರೂಢಿಯಲ್ಲಿದೆ. ಅಲ್ಲಿ ಮಣ್ಣು, ಮೇಣ ಮೊದಲಾದುವುಗಳಿಂದ ಆಗುವ ಬಂಧನವು ಇಲ್ಲಿ ನೀರಿನಿಂದ ಆಗುತ್ತದೆ.

ಮುದ್ರೆಯ ಆಳವು ಸಾಮಾನ್ಯವಾಗಿ ೫೦ರಿಂದ ೭೫ ಮಿಲಿಮೀಟರುಗಳು, ಅಂದರೆ ಎರಡರಿಂದ ಮೂರು ಅಂಗುಲ. ಇದು ತಡೆಯುವುದೇನು, ತಡೆಯಲಾರದುದೇನು ಎಂಬ ವಿವೇಕವೂ ಅವಶ್ಯಕ. ಚರಂಡಿಯಲ್ಲಿ ಹುಟ್ಟುವ ಹೈಡ್ರೊಜನ್ ಸಲ್ಫೈಡ್, ಅಮೋನಿಯಾ, ಮೀಥೇನ್ ಮುಂತಾದ ಅನಿಲಗಳನ್ನು ಇದು ತಡೆಯುತ್ತದೆ. ಜಿರಲೆ, ನೊಣ ಮುಂತಾದ ಕ್ರಿಮಿಗಳಿಗೂ ಬಹುಮಟ್ಟಿಗೆ ಅಡ್ಡಿಯಾಗುತ್ತದೆ. ಈಜಬಲ್ಲ ಹೆಗ್ಗಣವು ಇದನ್ನು ದಾಟಬಹುದು. ಬೀದಿಯ ಚರಂಡಿಯು ಕಟ್ಟಿಕೊಂಡು ನೀರೇ ಹಿಮ್ಮುಖವಾಗಿ ನುಗ್ಗಿದರಂತೂ ಬಾಗುಗೊಳವೆಯಿಂದ ಏನೂ ಆಗದು. ಅದಕ್ಕೆ ಒಂದೇ ದಿಕ್ಕಿಗೆ ತೆರೆಯುವ ಕವಾಟವು ಬೇರೆಯಾಗಿಯೇ ಬೇಕು. ಈ ಎರಡು ಉಪಕರಣಗಳನ್ನು ಒಂದೆಂದು ಭಾವಿಸಿದುದರಿಂದ ಚರಿತ್ರೆಯ ಬರಹಗಳಲ್ಲಿ ಕೆಲವು ಗೊಂದಲಗಳುಂಟಾಗಿವೆ.

೨

ಪ್ರಾಚೀನರಿಗೆ ಈ ರಚನೆಯು ತಿಳಿದಿತ್ತೆ? ಸಿಂಧೂ ತೀರದ ನಗರಗಳು ಬೆಳಕಿಗೆ ಬಂದಂದಿನಿಂದ, ಆಧುನಿಕವಾದ ಪ್ರತಿಯೊಂದು ಉಪಕರಣವೂ ಅಲ್ಲಿ ಇದ್ದಿತೆಂದು ಹೇಳುವ ಉತ್ಸಾಹವು ಕೆಲವರಲ್ಲಿ ಕಂಡುಬರುತ್ತದೆ. ಮೊಹೆಂಜೊದಾರೊ ನಗರದ ಉತ್ಖನನವು ಕ್ರಿ. ಶ. ೧೯೨೨ರಲ್ಲಿ ರಾಖಾಲದಾಸ ಬ್ಯಾನರ್ಜಿಯವರಿಂದ ಆರಂಭವಾಯಿತು. ೧೯೨೪ರಲ್ಲಿ ಸರ್ ಜಾನ್ ಮಾರ್ಷಲ್ಲರು ಅದರ ಸುದ್ದಿಯನ್ನು ಲೋಕಕ್ಕೆ ತಿಳಿಸಿದರು. ಕ್ರಿ. ಪೂ. ೨೬೦೦ರಿಂದ ೧೯೦೦ರ ವರೆಗಿನ ಆ ನಗರಗಳಲ್ಲಿ ಬೀದಿಯುದ್ದಕ್ಕೂ ಸುಟ್ಟ ಇಟ್ಟಿಗೆಯ ಚರಂಡಿಗಳಿದ್ದುವು. ಅವುಗಳ ಮೇಲೆ ಎತ್ತಿ ತೆಗೆಯಬಹುದಾದ ಮುಚ್ಚಿಗೆಯಿದ್ದಿತು. ಮಾಳಿಗೆಯ ನೀರನ್ನು ಇಳಿಸಲು ಗೋಡೆಗಳಲ್ಲಿ ಮಣ್ಣಿನ ಕೊಳವೆಗಳಿದ್ದುವು. ಮನೆಯ ನೀರು ಎಷ್ಟೋ ಕಡೆ ಮೊದಲು ಒಂದು ಗುಂಡಿಗೋ ಹೂತ ಗಡಿಗೆಗೋ ಬಿದ್ದು, ಕಸವು ತಳದಲ್ಲಿ ಕೂತು, ಮೇಲಿನ ನೀರು ಮಾತ್ರ ಬೀದಿಯ ಕಾಲುವೆಗೆ ಸೇರುತ್ತಿದ್ದಿತು. ಅಷ್ಟು ಪ್ರಾಚೀನ ಕಾಲದ ಮತ್ತಾವ ದೇಶದಲ್ಲಿಯೂ ಸಾಮಾನ್ಯ ಜನರ ಮನೆಗಳಿಗೆ ಇಂತಹ ಏರ್ಪಾಡು ಇದ್ದಂತೆ ತೋರುವುದಿಲ್ಲ.

ಇದು ಹೆಮ್ಮೆಗೆ ತಕ್ಕ ವಿಷಯವೇ ಸರಿ. ಆದರೆ ಅಲ್ಲಿ ಕಾಣುವುದು ಕಸವನ್ನು ಹಿಡಿದು ನಿಲ್ಲಿಸುವ ಮಡುವಿನ ತತ್ತ್ವವೇ ಹೊರತು, ಬಾಗಿದ ಗಂಟಲಿನಲ್ಲಿ ನಿಂತ ನೀರಿನಿಂದ ಗಾಳಿಯನ್ನು ತಡೆಯುವ ತತ್ತ್ವವಲ್ಲ. ಗುಂಡಿಯ ಬಾಯಿ ತೆರೆದಿದ್ದರೆ ನೀರು ಎಷ್ಟು ನಿಂತರೂ ಮುದ್ರೆಯಾಗಲಾರದು. ಗಾಳಿಯು ಬರುವ ದಾರಿಯು ನೀರಿನೊಳಗೆ ಮುಳುಗಿದ್ದರೆ ಮಾತ್ರ ಮುದ್ರೆಯಾಗುತ್ತದೆ. ಈ ಭೇದವನ್ನು ಗಮನಿಸದೆ, ಇದ್ದುದರಿಂದ ಇಲ್ಲದುದನ್ನು ಸಾಧಿಸಿದರೆ ಇದ್ದುದರ ಗೌರವಕ್ಕೂ ಕುಂದುಂಟಾಗುವುದು.

ಇನ್ನು ಗ್ರಂಥಗಳ ಸಾಕ್ಷ್ಯ. ಈ ವಿಷಯದಲ್ಲಿ ಬಹು ಮುಖ್ಯವಾದ ಗ್ರಂಥವು ಕೌಟಿಲ್ಯನ ಅರ್ಥಶಾಸ್ತ್ರ. ತಂಜಾವೂರು ಪ್ರಾಂತದ ಪಂಡಿತರೊಬ್ಬರಿಂದ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ೧೯೦೫ರಲ್ಲಿ ಬಂದ ಓಲೆಯ ಪ್ರತಿಯನ್ನು ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ಈ ಗ್ರಂಥದ ಮೂರನೆಯ ಅಧಿಕರಣದ ಗೃಹವಾಸ್ತುಕ ಪ್ರಕರಣದಲ್ಲಿ ಮನೆಯ ನೀರು ಹೋಗುವ ದಾರಿಯನ್ನು ನೆರೆಮನೆಯ ಗೋಡೆಯಿಂದ ಇಂತಿಷ್ಟು ದೂರದಲ್ಲಿ, ನೀರು ನಿಲ್ಲದೆ ಹರಿದುಹೋಗುವಂತೆ ಮಾಡಿಸಬೇಕೆಂದು ವಿಧಿಸಿದೆ. ಮೀರಿದವನಿಗೆ ೫೪ ಪಣ ದಂಡ. ಎರಡನೆಯ ಅಧಿಕರಣದ ನಾಗರಿಕ ಪ್ರಕರಣದಲ್ಲಿ ದಾರಿಯ ಮೇಲೆ ಕಸವನ್ನು ಹಾಕಿದವನಿಗೆ ಪಣದ ಎಂಟನೆಯ ಒಂದು ಭಾಗವೂ, ಕೆಸರು ನೀರಿನಿಂದ ದಾರಿಯನ್ನು ಕಟ್ಟಿದವನಿಗೆ ಕಾಲು ಪಣವೂ ದಂಡವಾಗಿದೆ. ರಾಜಮಾರ್ಗದಲ್ಲಿ ಇದು ಇಮ್ಮಡಿ. ಇವುಗಳಿಂದ ತಿಳಿಯಬರುವುದು ನೆರೆಯವನಿಗೆ ಬಾಧೆಯಾಗಬಾರದೆಂಬ ವ್ಯವಹಾರಧರ್ಮ. ಗಾಳಿಯನ್ನು ತಡೆಯುವ ಉಪಾಯದ ಸೂಚನೆಯು ಇಲ್ಲಿ ಇಲ್ಲ.

ಅದೇ ಪ್ರಕರಣದಲ್ಲಿ ತಿಪ್ಪೆ, ಬಾವಿಗಳ ಜೊತೆಗೆ ‘ಭ್ರಮ’ ಎಂಬ ಒಂದು ಪದವು ಬಂದಿದೆ. ಭ್ರಮು ಧಾತುವಿಗೆ ಸುತ್ತುವುದು, ತಿರುಗುವುದು ಎಂದು ಅರ್ಥವಿರುವುದರಿಂದ, ತಿರುಗಿದ ಕೊಳವೆಯನ್ನೇ ಹೀಗೆ ಕರೆದಿರಬಹುದೆಂಬ ಊಹೆಗೆ ಇಲ್ಲಿ ಅವಕಾಶವುಂಟಾಗುತ್ತದೆ. ಆದರೆ ಅಮರಸಿಂಹನು ವಾರಿವರ್ಗದಲ್ಲಿ ಈ ಪದಕ್ಕೆ ಜಲನಿರ್ಗಮವೆಂಬ ಅರ್ಥವನ್ನೇ ಹೇಳಿದ್ದಾನೆ. ನೀರು ಸುಳಿಸುಳಿಯಾಗಿ ಹೊರಕ್ಕೆ ಹೋಗುವುದರಿಂದ ಈ ಹೆಸರು ಬಂದಿರಬಹುದೇ ಹೊರತು ಕೊಳವೆಯ ಆಕಾರದಿಂದಲೇ ಬಂದಿತೆನ್ನುವುದಕ್ಕೆ ಆಧಾರವಿಲ್ಲ. ಭ್ರಮಶಬ್ದದಲ್ಲಿ ಬಾಗುಗೊಳವೆಯನ್ನು ಕಾಣುವುದು ಶಬ್ದದ ಮತ್ತೊಂದು ಅರ್ಥಕ್ಕೆ ಉದಾಹರಣೆಯಾದೀತು. ದೇವಾಲಯಗಳ ಪ್ರಣಾಳವೂ ಅಭಿಷೇಕಜಲವನ್ನು ಹೊರಕ್ಕೆ ಬಿಡುವ ತೆರೆದ ದಾರಿಯೇ, ಅದರಲ್ಲಿಯೂ ಮುದ್ರೆಯಿಲ್ಲ.

ಪಶ್ಚಿಮದ ಪ್ರಾಚೀನರ ಸ್ಥಿತಿಯೂ ಹೀಗೆಯೇ. ರೋಮಿನ ಮಹಾಚರಂಡಿಯಾದ ಕ್ಲೊಆಕಾ ಮ್ಯಾಕ್ಸಿಮಾ ಲೋಕಪ್ರಸಿದ್ಧವಾದುದು. ಆದರೆ ರೋಮನರ ಮನೆಯ ಕಕ್ಕಸುಗಳಲ್ಲಿ ಜಲಮುದ್ರೆಯಿರಲಿಲ್ಲ. ಕ್ರಿ. ಶ. ೭೯ರಲ್ಲಿ ಬೂದಿಯಲ್ಲಿ ಮುಚ್ಚಿಹೋದ ಪಾಂಪೇಯಿ ನಗರದಲ್ಲಿ ಅವು ಬಹುಮಟ್ಟಿಗೆ ಬೀದಿಯ ಚರಂಡಿಗೆ ಸೇರದೆ ಪ್ರತ್ಯೇಕವಾದ ಗುಂಡಿಗಳಿಗೇ ಇಳಿಯುತ್ತಿದ್ದುವು. ಮುದ್ರೆಯಿಲ್ಲದ ಮನೆಯನ್ನು ಚರಂಡಿಗೆ ಸೇರಿಸಿದರೆ ದುರ್ಗಂಧವೂ ಕ್ಷುದ್ರಪ್ರಾಣಿಗಳೂ ಒಳಕ್ಕೆ ಬರುತ್ತವೆಂಬ ಭಯವು ಇದಕ್ಕೆ ಒಂದು ಕಾರಣವೆಂದು ಈಚಿನ ಸಂಶೋಧಕರು ಅಭಿಪ್ರಾಯಪಡುತ್ತಾರೆ. ಪ್ರಾಣಿಗಳ ಸ್ವಭಾವವನ್ನು ಕುರಿತು ಗ್ರೀಕ್ ಭಾಷೆಯಲ್ಲಿ ಬರೆದ ಈಲಿಯನ್ ಎಂಬ ಗ್ರಂಥಕಾರನು ಒಂದು ಕಥೆಯನ್ನು ಹೇಳುತ್ತಾನೆ. ಇಟಲಿಯ ಕಡಲಂಚಿನ ಪಟ್ಟಣವೊಂದರಲ್ಲಿ ದೊಡ್ಡದಾಗಿ ಬೆಳೆದ ಅಷ್ಟಪದಿಯೊಂದು ಸಮುದ್ರದಿಂದ ಚರಂಡಿಯ ಮೂಲಕ ವರ್ತಕರ ಉಗ್ರಾಣಕ್ಕೆ ಏರಿಬಂದು, ಉಪ್ಪುಹಾಕಿದ ಮೀನಿನ ಜಾಡಿಗಳನ್ನು ಒಡೆದು ತಿನ್ನುತ್ತಿದ್ದಿತಂತೆ. ಕಥೆಯು ಎಷ್ಟು ಮಟ್ಟಿಗೆ ನಿಜವೋ ಹೇಗೋ, ಚರಂಡಿಯೆಂಬುದು ಎರಡು ಕಡೆಗೂ ತೆರೆದ ಬಾಗಿಲೆಂಬ ಅನುಭವವು ಆ ಜನಕ್ಕೆ ಇದ್ದಿತೆಂಬುದಕ್ಕೆ ಇದು ಸಾಕ್ಷಿಯಾಗಿದೆ.

೩

ಬಾಗುಗೊಳವೆಯ ಲಿಖಿತ ಚರಿತ್ರೆಯು ಇಂಗ್ಲೆಂಡಿನಲ್ಲಿ ಆರಂಭವಾಗುತ್ತದೆ. ಕ್ರಿ. ಶ. ೧೫೯೬ರಲ್ಲಿ ಸರ್ ಜಾನ್ ಹ್ಯಾರಿಂಗ್ಟನ್ ಎಂಬವನು ನೀರಿನ ತೊಟ್ಟಿ ಮತ್ತು ಕವಾಟಗಳುಳ್ಳ ಕಕ್ಕಸನ್ನು ಒಂದು ವಿನೋದಗ್ರಂಥದಲ್ಲಿ ವರ್ಣಿಸಿದನು. ಇವನು ಎಲಿಜಬೆತ್ ರಾಣಿಯ ಧರ್ಮಪುತ್ರ. ಇವನ ರಚನೆಯಲ್ಲಿ ನೀರಿದ್ದಿತು, ಕವಾಟವಿದ್ದಿತು; ಬಾಗುಗೊಳವೆಯಿರಲಿಲ್ಲ. ಜನರು ಅದನ್ನು ಓದಿ ನಕ್ಕರಲ್ಲದೆ ಅನುಸರಿಸಲಿಲ್ಲ.

ಇದಾದ ೧೭೯ ವರ್ಷಗಳ ಮೇಲೆ, ಎಂದರೆ ೧೭೭೫ರಲ್ಲಿ, ಅಲೆಗ್ಸಾಂಡರ್ ಕಮಿಂಗ್ ಎಂಬವನು ತನ್ನ ಕಕ್ಕಸಿಗೆ ರಾಜಶಾಸನದ ಹಕ್ಕನ್ನು, ಎಂದರೆ ಪೇಟೆಂಟನ್ನು, ಪಡೆದನು. ಇವನು ಲಂಡನಿನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನ ಗಡಿಯಾರದ ಕುಶಲಿ. ಮೂರನೆಯ ಜಾರ್ಜ್ ದೊರೆಗೆ ವಾಯುಭಾರವನ್ನು ಬರೆದಿಡುವ ಗಡಿಯಾರವನ್ನು ಮಾಡಿಕೊಟ್ಟವನು. ಗಾಳಿಯ ಒತ್ತಡವನ್ನು ಅಳೆಯುವ ವಿದ್ಯೆಯಲ್ಲಿ ಪಳಗಿದವನೇ ಗಾಳಿಯನ್ನು ನೀರಿನಿಂದ ತಡೆಯುವ ಉಪಾಯವನ್ನು ಶಾಸನಕ್ಕೆ ತಂದನೆಂಬುದು ಗಮನಾರ್ಹವಾಗಿದೆ. ಇವನ ರಚನೆಯಲ್ಲಿ ಪಾತ್ರೆಯ ತಳದಲ್ಲಿ ಜಾರುಕವಾಟವೊಂದು, ಅದಕ್ಕೆ ಸಮೀಪದಲ್ಲಿಯೇ ಹಾವಿನಂತೆ ಎರಡು ಸಲ ಬಾಗಿದ ಕೊಳವೆಯೊಂದು ಇದ್ದುವು. ಮುದ್ರೆಯ ನೀರು ಪ್ರತಿ ಸಲವೂ ಬದಲಾಗುವಂತೆ ಬಾಗು ಪಾತ್ರೆಗೆ ಹತ್ತಿರವಿರಬೇಕೆಂಬುದೇ ಅವನ ಮುಖ್ಯ ವಿಚಾರ. ಜಾರುಕವಾಟವು ಸಿಕ್ಕಿಕೊಳ್ಳುತ್ತಿದ್ದಿತು. ೧೭೭೮ರಲ್ಲಿ ಜೋಸೆಫ್ ಬ್ರಾಮಾ ಎಂಬ ಬಡಗಿಯು ಕೀಲುಳ್ಳ ಕವಾಟವನ್ನಿಟ್ಟು ಇದನ್ನು ಉತ್ತಮಪಡಿಸಿದನು.

ಇಷ್ಟಾದರೂ ಒಳ್ಳೆಯ ಉಪಕರಣವು ಕೂಡಲೇ ಹಬ್ಬಲಿಲ್ಲ. ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಲಂಡನಿನ ಮನೆಗಳಲ್ಲಿ ಸೀಸದ ದೊಡ್ಡ ಪೆಟ್ಟಿಗೆಯಂತಹ ಬೇರೊಂದು ಟ್ರ್ಯಾಪ್ ಬಳಕೆಯಲ್ಲಿದ್ದಿತು. ಅದರಲ್ಲಿ ನೀರು ನಿಲ್ಲುತ್ತಿದ್ದಿತು. ನೀರಿನ ಜೊತೆಗೆ ಹೊಲಸೂ ನಿಲ್ಲುತ್ತಿದ್ದಿತು. ೧೮೭೭ರಲ್ಲಿ ಸ್ಟೀವನ್ಸ್ ಹೆಲ್ಯರ್ ಎಂಬ ಲಂಡನಿನ ಕೊಳಾಯಿ ಕೆಲಸದ ಪ್ರವೀಣನು ಗ್ರಂಥವೊಂದನ್ನು ಬರೆದು ಇಂತಹ ಪೆಟ್ಟಿಗೆಗಳನ್ನು ಖಂಡಿಸಿ, ತನ್ನನ್ನು ತಾನೇ ತೊಳೆದುಕೊಳ್ಳುವ ಬಾಗುಗೊಳವೆಯೇ ಶ್ರೇಷ್ಠವೆಂದು ವಾದಿಸಿದನು. ೧೮೮೦ರ ದಶಕದಲ್ಲಿ ಟ್ವೈಫರ್ಡ್ ಮೊದಲಾದವರು ಪಿಂಗಾಣಿಯಲ್ಲಿ ಪಾತ್ರೆಯನ್ನೂ ಬಾಗನ್ನೂ ಒಂದೇ ಅಚ್ಚಿನಲ್ಲಿ ಮಾಡತೊಡಗಿದ ಮೇಲೆ ಕವಾಟವು ಅನಾವಶ್ಯಕವಾಯಿತು. ಗಡಿಯಾರಗಾರನ ಕವಾಟವು ಹೋಗಿ ಅವನ ನೀರು ಮಾತ್ರ ಉಳಿಯಿತು. ಇವೆಲ್ಲಕ್ಕೂ ತಾಮಸ್ ಕ್ರ್ಯಾಪರ್ ಎಂಬ ವರ್ತಕನೇ ಮೂಲಪುರುಷನೆಂಬ ಜನಪ್ರವಾದವು ನಿಲ್ಲತಕ್ಕುದಲ್ಲ. ಅವನು ಹುಟ್ಟಿದುದು ೧೮೩೬ರಲ್ಲಿ. ಕಮಿಂಗನ ಶಾಸನಕ್ಕೆ ಅರುವತ್ತೊಂದು ವರ್ಷ ತರುವಾಯ.

೪

ಉಪಕರಣವು ಹುಟ್ಟಿದುದಕ್ಕಿಂತ ಅದು ಹಬ್ಬಿದ ಬಗೆಯು ಹೆಚ್ಚು ವಿಚಾರಾರ್ಹವಾಗಿದೆ. ೧೮೧೫ರ ವರೆಗೆ ಲಂಡನಿನಲ್ಲಿ ಮನೆಯ ಹೊಲಸನ್ನು ಬೀದಿಯ ಚರಂಡಿಗೆ ಬಿಡುವುದು ನಿಷಿದ್ಧವಾಗಿದ್ದಿತು. ಅದು ಗುಂಡಿಗಳಲ್ಲಿ ತುಂಬಿ ರಾತ್ರಿಯ ವೇಳೆ ಗಾಡಿಗಳಲ್ಲಿ ಹೋಗುತ್ತಿದ್ದಿತು. ೧೮೧೫ರ ಮೇಲೆ ಅಪ್ಪಣೆ ದೊರೆಯಿತು. ೧೮೪೮ರ ಸುಮಾರಿಗೆ ಚರಂಡಿಗೆ ಸೇರಿಸುವುದೇ ಕಡ್ಡಾಯವಾಯಿತು. ಹೀಗೆ ಮನೆಮನೆಯೂ ಒಂದೇ ಕೊಳವೆಯ ಜಾಲಕ್ಕೆ ಸೇರಿದಾಗ ಊರಿನ ದುರ್ವಾಯುವೆಲ್ಲ ಮನೆಯೊಳಕ್ಕೆ ಬರಲು ದಾರಿಯುಂಟಾಯಿತು. ಹೊಲಸೆಲ್ಲ ತೇಮ್ಸ್ ನದಿಯನ್ನು ಸೇರಿತು. ೧೮೫೮ರ ಬೇಸಗೆಯಲ್ಲಿ ನದಿಯ ದುರ್ಗಂಧವನ್ನು ಸಹಿಸಲಾರದೆ ಪಾರ್ಲಿಮೆಂಟಿನ ಕಿಟಕಿಗಳಿಗೆ ಸುಣ್ಣದ ಕ್ಲೋರೈಡಿನಲ್ಲಿ ಅದ್ದಿದ ಪರದೆಗಳನ್ನು ಕಟ್ಟಬೇಕಾಯಿತು. ಆ ವರ್ಷವೇ ಶಾಸನವಾಗಿ, ಜೋಸೆಫ್ ಬಜಲ್ಗೆಟ್ಟರ ನೇತೃತ್ವದಲ್ಲಿ ೮೨ ಮೈಲಿಗಳ ಮಹಾಚರಂಡಿಗಳ ಕೆಲಸವು ಆರಂಭವಾಯಿತು.

ಆ ಕಾಲದ ವೈದ್ಯಮತವು ದುರ್ವಾಯುವಿನ ಮತವಾಗಿದ್ದಿತು. ಕೊಳೆತ ಪದಾರ್ಥಗಳಿಂದ ಏಳುವ ವಿಷವಾಯುವೇ ಕಾಲರಾ, ವಿಷಮಜ್ವರ ಮೊದಲಾದ ರೋಗಗಳಿಗೆ ಕಾರಣವೆಂದು ಎಡ್ವಿನ್ ಚ್ಯಾಡ್ವಿಕ್ ಮೊದಲಾದ ಸುಧಾರಕರು ದೃಢವಾಗಿ ನಂಬಿದ್ದರು. ೧೮೫೪ರಲ್ಲಿ ಜಾನ್ ಸ್ನೋ ಎಂಬ ವೈದ್ಯನು ಬ್ರಾಡ್ ಬೀದಿಯ ಒಂದು ನೀರಿನ ಪಂಪಿನಿಂದಲೇ ಕಾಲರಾ ಹರಡಿತೆಂದು ತೋರಿಸಿದರೂ ಬಹುಜನರು ಒಪ್ಪಲಿಲ್ಲ. ೧೮೭೧ರಲ್ಲಿ ಸ್ಕಾರ್ಬರೋ ನಗರದ ಒಂದು ಮಾಳಿಗೆಯಲ್ಲಿ ಅತಿಥಿಯಾಗಿದ್ದ ವೇಲ್ಸಿನ ಯುವರಾಜನಿಗೆ ವಿಷಮಜ್ವರವು ಬಂದಿತು. ಅದೇ ಮನೆಯಲ್ಲಿ ಅತಿಥಿಯಾಗಿದ್ದ ಚೆಸ್ಟರ್‌ಫೀಲ್ಡಿನ ಅರ್ಲನೂ ಯುವರಾಜನ ಕುದುರೆಯಾಳೊಬ್ಬನೂ ಅದೇ ಜ್ವರದಿಂದ ಮೃತರಾದರು, ಯುವರಾಜನು ಬದುಕಿಕೊಂಡನು. ಮನೆಯ ಚರಂಡಿಯ ಗಾಳಿಯೇ ಕಾರಣವೆಂಬ ಮಾತು ದೇಶದಲ್ಲೆಲ್ಲ ಹರಡಿತು. ರಾಜಕುಮಾರನಿಗೇ ಹೀಗಾದರೆ ಉಳಿದವರ ಗತಿಯೇನೆಂದು ಗೃಹಸ್ಥರೆಲ್ಲರೂ ತಮ್ಮ ತಮ್ಮ ಬಚ್ಚಲುಗಳನ್ನು ಪರೀಕ್ಷಿಸಿಕೊಳ್ಳತೊಡಗಿದರು. ಬಾಗುಗೊಳವೆಯು ಮನೆಮನೆಗೆ ಹೊಕ್ಕುದು ಈ ಭಯದಿಂದ.

ಮುಂದೆ ಭಯದ ಆಧಾರವೇ ಕುಸಿಯಿತು. ವಿಷಮಜ್ವರದ ಜೀವಾಣುವನ್ನು ಎಬರ್ಟನು ೧೮೮೦ರಲ್ಲಿ ವರ್ಣಿಸಿದನು. ಕಾಲರಾ ಜೀವಾಣುವನ್ನು ರಾಬರ್ಟ್ ಕೋಖನು ೧೮೮೪ರಲ್ಲಿ ಕಲ್ಕತ್ತೆಯ ರೋಗಿಗಳಲ್ಲಿಯೂ ಕೆರೆಯ ನೀರಿನಲ್ಲಿಯೂ ತೋರಿಸಿದನು. ಈ ರೋಗಗಳು ಹೊಲಸು ಸೇರಿದ ನೀರು ಮತ್ತು ಆಹಾರಗಳಿಂದ ಬರುತ್ತವೆಯೇ ಹೊರತು ಗಂಧದಿಂದಲ್ಲವೆಂಬುದು ಸಿದ್ಧವಾಯಿತು. ಹೇತುವು ಅಸಿದ್ಧವಾದರೆ ಅನುಮಾನವೆಲ್ಲ ಬಿದ್ದುಹೋಗುವುದೆಂದು ನೈಯಾಯಿಕರು ಹೇಳುವರು. ಅನುಮಾನವು ಬಿದ್ದುಹೋಯಿತು, ಉಪಕರಣವು ಬೀಳಲಿಲ್ಲ. ಗಾಳಿಗೆ ಹೆದರಿ ಜನರು ಮಾಡಿದ ಕೆಲಸದಿಂದ ಹೊಲಸು ಮನೆಯಿಂದಲೂ ಬಾವಿಯಿಂದಲೂ ದೂರವಾಯಿತು. ದೂರವಾದುದರಿಂದಲೇ ರೋಗವು ತಗ್ಗಿತು. ಒಳಚರಂಡಿಯನ್ನು ಮನೆಯೊಳಕ್ಕೆ ತರಬೇಕಾದರೆ ಜನರು ಅದನ್ನು ಸಹಿಸಬೇಕಷ್ಟೆ. ಆ ಸಹನೆಯನ್ನು ಸಾಧ್ಯಗೊಳಿಸಿದುದು ಜಲಮುದ್ರೆ.

೫

ಜಲಮುದ್ರೆಗೆ ಎರಡು ಶತ್ರುಗಳುಂಟು. ಒಂದು ಹೀರುವಿಕೆ, ಮತ್ತೊಂದು ಒಣಗುವಿಕೆ. ಕೊಳವೆಯಲ್ಲಿ ನೀರು ತುಂಬಿ ವೇಗವಾಗಿ ಇಳಿಯುವಾಗ ಹಿಂದೆ ಗಾಳಿಯು ವಿರಳವಾಗಿ, ಬಾಗಿನಲ್ಲಿ ನಿಲ್ಲಬೇಕಾದ ನೀರೂ ಸೆಳೆದುಹೋಗುವುದು. ಮಾಳಿಗೆಯ ಮೇಲೆ ಮಾಳಿಗೆಯಿರುವ ಕಟ್ಟಡಗಳಲ್ಲಿ ಮೇಲಿನವರು ನೀರು ಸುರಿದರೆ ಕೆಳಗಿನವರ ಮುದ್ರೆಯು ಒಡೆಯುವುದುಂಟು. ಇದನ್ನು ತಪ್ಪಿಸಲು ಬಾಗಿನ ಆಚೆಯ ಕಡೆಯಿಂದ ಒಂದು ಗಾಳಿಕೊಳವೆಯನ್ನು ಛಾವಣಿಯ ಮೇಲಕ್ಕೆ ಒಯ್ಯುವ ಪದ್ಧತಿಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದಿತು. ಬಹುಜನರು ಈ ಕೊಳವೆಯು ದುರ್ಗಂಧವನ್ನು ಹೊರಕ್ಕೆ ಬಿಡುವುದಕ್ಕೆ ಮಾತ್ರವೆಂದು ತಿಳಿದಿರುತ್ತಾರೆ. ಒಳಕ್ಕೆ ಗಾಳಿಯನ್ನು ಕೊಟ್ಟು ಮುದ್ರೆಯನ್ನು ಕಾಪಾಡುವುದೂ ಅದರ ಮುಖ್ಯವಾದ ಕೆಲಸವೇ.

ಒಣಗುವಿಕೆಯ ಅಪಾಯಕ್ಕೆ ಈ ಶತಮಾನದ ಆದಿಯಲ್ಲಿಯೇ ಒಂದು ಘೋರವಾದ ನಿದರ್ಶನವು ದೊರೆಯಿತು. ೨೦೦೩ರ ಮಾರ್ಚಿ ತಿಂಗಳಲ್ಲಿ ಹಾಂಗ್‌ಕಾಂಗಿನ ಆಮೊಯ್ ಗಾರ್ಡನ್ಸ್ ಎಂಬ ವಸತಿ ಸಮೂಹದಲ್ಲಿ ಸಾರ್ಸ್ ಎಂಬ ಶ್ವಾಸರೋಗವು ಮುನ್ನೂರಕ್ಕೂ ಹೆಚ್ಚು ಜನರಿಗೆ ತಗುಲಿ, ನಲವತ್ತಕ್ಕೂ ಹೆಚ್ಚು ಜನರು ಮೃತರಾದರು. ರೋಗಿಗಳಲ್ಲಿ ಅನೇಕರು ಮೂವತ್ತಮೂರು ಅಂತಸ್ತುಗಳ ಕಟ್ಟಡಗಳಲ್ಲಿ ಒಂದರ ನಿವಾಸಿಗಳು. ಸರಕಾರದ ವಿಚಾರಣೆಯಲ್ಲಿ ತಿಳಿದುದಿಷ್ಟು: ಆ ಮನೆಗಳ ಬಚ್ಚಲ ನೆಲದಲ್ಲಿ ಬಾಗುಗೊಳವೆಗಳೇನೋ ಇದ್ದುವು, ಆದರೆ ನಿವಾಸಿಗಳು ನೆಲಕ್ಕೆ ನೀರು ಸುರಿಯದೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದುದರಿಂದ ಎಷ್ಟೋ ಮನೆಗಳಲ್ಲಿ ಮುದ್ರೆಯ ನೀರು ಒಣಗಿಹೋಗಿದ್ದಿತು. ಗೋಡೆಯಲ್ಲಿಟ್ಟ ಬೀಸಣಿಗೆಯ ಯಂತ್ರವನ್ನು ನಡೆಸಿದಾಗ ಚರಂಡಿಯ ಕೊಳವೆಯೊಳಗಿನ ಸೂಕ್ಷ್ಮ ತುಂತುರುಗಳು ಗಾಳಿಯೊಡನೆ ಒಳಕ್ಕೆ ಬಂದುವು. ನೂರು ವರ್ಷಗಳ ಹಿಂದೆ ವೈದ್ಯರು ತಳ್ಳಿಹಾಕಿದ್ದ ಚರಂಡಿಗಾಳಿಯ ಭಯಕ್ಕೆ ಈ ಒಂದು ಪ್ರಸಂಗದಲ್ಲಿ ಬೇರೆಯೊಂದು ರೀತಿಯಿಂದ ಆಧಾರವು ದೊರೆತಂತಾಯಿತು. ಗಂಧವು ರೋಗವಲ್ಲವೆಂಬುದು ನಿಜ. ಗಾಳಿಯು ರೋಗವನ್ನು ಹೊರಲಾರದೆಂಬುದು ಅದರಿಂದ ಸಿದ್ಧಿಸುವುದಿಲ್ಲ. ಬಹುಕಾಲ ಬಳಸದ ಬಚ್ಚಲಿಗೆ ಒಂದು ತಂಬಿಗೆ ನೀರನ್ನು ಸುರಿಯುವುದೇ ಇದಕ್ಕೆ ಪರಿಹಾರ.

೬

ಇನ್ನು ಭಾರತದ ವಿಚಾರ. ಕನ್ನಡದಲ್ಲಿ ಬಚ್ಚಲೆಂಬ ಅಚ್ಚಮಾತೊಂದನ್ನು ಬಿಟ್ಟರೆ ಈ ಕ್ಷೇತ್ರದ ಪದಗಳಲ್ಲಿ ಅನೇಕವು ಹೊರಗಿನಿಂದ ಬಂದುವು. ಪಾಯಿಖಾನೆಯು ಪಾರಸಿಯ ಮಾತು. ಸಂಡಾಸು ಮರಾಠಿಯ ಕಡೆಯಿಂದ ಬಂದುದು. ಕಕ್ಕಸು ಡಚ್ಚರ ಭಾಷೆಯಿಂದ ಬಂದುದೆಂದು ಹೇಳುವರು. ಹೇಳಲು ಸಂಕೋಚವಾದ ವಸ್ತುವಿಗೆ ಅನ್ಯಭಾಷೆಯ ಹೆಸರೇ ಹಿತವೆಂದು ಜನರು ಭಾವಿಸುವುದು ಲೋಕರೂಢಿಯಷ್ಟೆ. ಬಚ್ಚಲ ನೆಲದಲ್ಲಿ ಹೂಳುವ ಟ್ರ್ಯಾಪಿಗೆ ಇಡೀ ಭಾರತದ ಇಂಜಿನಿಯರುಗಳು ನಹನಿ ಟ್ರ್ಯಾಪ್ ಎನ್ನುತ್ತಾರೆ. ಈ ಹೆಸರು ಯಾವನೋ ಆಂಗ್ಲೇಯನದೆಂದು ಭಾವಿಸಬಾರದು. ಸ್ನಾನದ ಮನೆಗೆ ಮರಾಠಿಯಲ್ಲಿ ನ್ಹಾಣಿಯೆಂದು ಹೆಸರು. ಸಂಸ್ಕೃತದ ಸ್ನಾನಶಬ್ದವು ಪ್ರಾಕೃತದಲ್ಲಿ ಣ್ಹಾಣವಾಗಿ, ಅದರಿಂದ ಈ ರೂಪವು ಬಂದಿತು. ಅರ್ಧ ಸಂಸ್ಕೃತಮೂಲ, ಅರ್ಧ ಇಂಗ್ಲಿಷ್ ಆದ ಈ ಸಮಾಸಪದವು ಉಪಕರಣದ ಚರಿತ್ರೆಯನ್ನು ತನ್ನಲ್ಲಿಯೇ ಹೊಂದಿದೆ.

ಇಂಗ್ಲೆಂಡಿನಲ್ಲಿ ಜಲಮುದ್ರೆಯು ಗೃಹಸ್ಥನ ಮೂಗಿನ ಮತ್ತು ಆರೋಗ್ಯದ ಪ್ರಶ್ನೆಯಾಗಿದ್ದಿತು. ಭಾರತದಲ್ಲಿ ಅದು ಮತ್ತೊಬ್ಬ ಮನುಷ್ಯನ ಮಾನದ ಪ್ರಶ್ನೆಯಾಯಿತು. ಇಲ್ಲಿಯ ಪಟ್ಟಣಗಳಲ್ಲಿ ನೀರಿಲ್ಲದ ಒಣ ಕಕ್ಕಸುಗಳೇ ಬಹುಕಾಲ ಇದ್ದುವು. ಅವುಗಳ ಹೊಲಸನ್ನು ಕೆಲವು ಜಾತಿಗಳ ಜನರು, ವಿಶೇಷವಾಗಿ ಹೆಂಗಸರು, ಕೈಯಿಂದ ತೆಗೆದು ತಲೆಯ ಮೇಲೆ ಹೊರಬೇಕಾಗಿದ್ದಿತು. ಕರ್ನಾಟಕದಲ್ಲಿ ೧೯೭೦ರ ದಶಕದ ಮೊದಲ ಭಾಗದಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ನಿಷೇಧವು ಸಫಲವಾಗಬೇಕಾದರೆ ಕಕ್ಕಸಿನ ರಚನೆಯೇ ಬದಲಾಗಬೇಕು. ಮಹಾಚರಂಡಿಗಳಿಲ್ಲದ ಊರುಗಳಿಗೆ ತಕ್ಕ ಉಪಾಯವಾಗಿ, ಒಂದೆರಡು ತಂಬಿಗೆ ನೀರನ್ನು ಸುರಿದರೆ ಸಾಕಾಗುವ, ಕೇವಲ ೨೦ ಮಿಲಿಮೀಟರು ಮುದ್ರೆಯುಳ್ಳ ಪಾತ್ರೆಯೂ ಅದಕ್ಕೆ ಸೇರಿದ ಇಂಗುಗುಂಡಿಗಳೂ ಬಳಕೆಗೆ ಬಂದುವು. ಆಳವಾದ ಮುದ್ರೆಗೆ ಹೆಚ್ಚು ನೀರು ಬೇಕು. ಗುಂಡಿಯ ಅನಿಲವು ಸು‌ತ್ತಲಿನ ಮಣ್ಣಿನಲ್ಲಿ ಇಂಗುವುದರಿಂದ ಅಲ್ಲಿ ಒತ್ತಡವು ಅಲ್ಪ. ಆದಕಾರಣ ಅಲ್ಪ ಮುದ್ರೆಯೇ ಸಾಲುತ್ತದೆ. ಎರಡು ಗುಂಡಿಗಳಲ್ಲಿ ಒಂದು ತುಂಬಿದ ಮೇಲೆ ಮತ್ತೊಂದನ್ನು ಬಳಸಿದರೆ ಮೊದಲನೆಯದರಲ್ಲಿರುವುದು ಕಾಲಕ್ರಮದಲ್ಲಿ ಗೊಬ್ಬರವಾಗುತ್ತದೆ; ಹಸಿಯ ಹೊಲಸನ್ನು ಯಾರೂ ಮುಟ್ಟಬೇಕಾಗಿಲ್ಲ. ಈ ಕಕ್ಕಸುಗಳನ್ನು ದೇಶದಲ್ಲಿ ವಿಶೇಷವಾಗಿ ಪ್ರಚಾರಪಡಿಸಿದವರು ೧೯೭೦ರಲ್ಲಿ ಬಿಹಾರದಲ್ಲಿ ಸುಲಭ ಸಂಸ್ಥೆಯನ್ನು ಸ್ಥಾಪಿಸಿದ ಬಿಂದೇಶ್ವರ ಪಾಠಕರು.

ಆಂಧ್ರಪ್ರದೇಶ, ಗೋವಾ, ಕರ್ನಾಟಕ, ಮಹಾರಾಷ್ಟ್ರ, ತ್ರಿಪುರಾ, ಪಶ್ಚಿಮಬಂಗಾಳ ಈ ಆರು ರಾಜ್ಯಗಳ ಶಾಸನಸಭೆಗಳ ನಿರ್ಣಯಗಳನ್ನು ಆಧಾರವಾಗಿಟ್ಟುಕೊಂಡು ೧೯೯೩ರಲ್ಲಿ ಪಾರ್ಲಿಮೆಂಟು ಕೈಯಿಂದ ಮಲವನ್ನು ತೆಗೆಯಿಸುವುದನ್ನೂ ಒಣ ಕಕ್ಕಸುಗಳ ನಿರ್ಮಾಣವನ್ನೂ ನಿಷೇಧಿಸುವ ಕಾಯಿದೆಯನ್ನು ಮಾಡಿತು. ಅದು ೧೯೯೭ರ ಜನವರಿ ೨೬ರಂದು ಜಾರಿಗೆ ಬಂದಿತು. ಅದರಲ್ಲಿ ಒಣ ಕಕ್ಕಸಿನ ಲಕ್ಷಣವನ್ನು ಹೇಳಿರುವ ರೀತಿಯು ಲಕ್ಷಣಶಾಸ್ತ್ರಜ್ಞರ ಗಮನಕ್ಕೆ ತಕ್ಕುದಾಗಿದೆ. ಜಲಮುದ್ರೆಯುಳ್ಳ ಕಕ್ಕಸಿಗಿಂತ ಬೇರೆಯಾದುದೆಲ್ಲ ಒಣ ಕಕ್ಕಸು. ಜಲಮುದ್ರೆಯುಳ್ಳ ಕಕ್ಕಸೆಂದರೆ ಕನಿಷ್ಠ ೨೦ ಮಿಲಿಮೀಟರಿನ ಮುದ್ರೆಯುಳ್ಳದ್ದು. ೧೭೭೫ರಲ್ಲಿ ಒಬ್ಬ ಗಡಿಯಾರದ ಕುಶಲಿಯ ಹಕ್ಕುಪತ್ರದಲ್ಲಿ ತೋರಿಬಂದ ವಸ್ತುವು ೨೧೮ ವರ್ಷಗಳ ಮೇಲೆ ಮನುಷ್ಯನ ಮಾನವನ್ನು ಕಾಯುವ ಕಾಯಿದೆಯಲ್ಲಿ ಧರ್ಮಾಧರ್ಮಗಳ ಗಡಿಯನ್ನು ನಿರ್ಣಯಿಸುವ ಅಳತೆಯಾಯಿತು.

ಕಾಯಿದೆಯಿಂದಲೇ ಕಾರ್ಯವು ಮುಗಿಯಲಿಲ್ಲ. ೨೦೧೦ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಮಲ ಹೊರುವ ಕುಟುಂಬಗಳವರು ತಮ್ಮ ಮನೆಗಳನ್ನು ಬಿಡಿಸಲು ಹೊರಟಾಗ ಹೊಲಸನ್ನು ತಮ್ಮ ಮೈಗೆ ತಾವೇ ಬಳಿದುಕೊಂಡು ಪ್ರತಿಭಟಿಸಿದರು. ಆ ವೇಳೆಗೆ ಒಣ ಕಕ್ಕಸನ್ನು ನಿಷೇಧಿಸಿದ ಕಾಯಿದೆಯು ಜಾರಿಗೆ ಬಂದು ಹದಿಮೂರು ವರ್ಷಗಳಾಗಿದ್ದುವು. ೨೦೧೩ರಲ್ಲಿ ಬಂದ ಹೊಸ ಕಾಯಿದೆಯು ಲಕ್ಷಣವನ್ನು ಬದಲಾಯಿಸಿ, ಹೊಲಸನ್ನು ಮನುಷ್ಯನು ಕೈಯಿಂದ ತೆಗೆಯಬೇಕಾಗುವ ಕಕ್ಕಸೆಲ್ಲವೂ ನಿಷಿದ್ಧವೆಂದಿತು. ರಕ್ಷಣೆಯ ಸಾಧನಗಳಿಲ್ಲದೆ ಚರಂಡಿಯ ಗುಂಡಿಗೆ ಮನುಷ್ಯನನ್ನು ಇಳಿಸುವುದನ್ನೂ ಅಪರಾಧವೆಂದು ಸಾರಿತು. ಹಿಂದಿನ ಲಕ್ಷಣವು ಉಪಕರಣವನ್ನು ನೋಡಿತು. ಇಂದಿನದು ಮನುಷ್ಯನನ್ನು ನೋಡುತ್ತದೆ. ಈ ಬದಲಾವಣೆಗೆ ಕಾರಣವು ಸ್ಪಷ್ಟವಾಗಿಯೇ ಇದೆ. ಪಾತ್ರೆಯಲ್ಲಿ ಮುದ್ರೆಯಿದ್ದರೂ ಅದರ ಕೊಳವೆಯು ಬೀದಿಯ ತೆರೆದ ಚರಂಡಿಗೆ ಬಿದ್ದರೆ, ಅಲ್ಲಿಂದ ಹೊಲಸನ್ನು ಬಾಚಲು ಮತ್ತೊಬ್ಬನು ಬರಲೇಬೇಕಾಗುವುದು.

ಮೇಲಿನ ವಿಚಾರದಿಂದ ನಿಷ್ಕರ್ಷಿಸಬಹುದಾದ ಅಂಶಗಳಿವು. ಸಿಂಧೂ ನಗರಗಳ ಚರಂಡಿಗಳು ಅದ್ಭುತವಾದುವಾದರೂ ಜಲಮುದ್ರೆಯನ್ನು ಅವುಗಳಿಗೆ ಆರೋಪಿಸಲು ಆಧಾರವಿಲ್ಲ, ಅರ್ಥಶಾಸ್ತ್ರದಲ್ಲಿಯೂ ಅದಿಲ್ಲ. ಅದರ ಲಿಖಿತ ಚರಿತ್ರೆಯು ೧೭೭೫ರಿಂದ ಆರಂಭವಾಗುತ್ತದೆ. ಅದು ಹಬ್ಬಿದುದು ಅಸಿದ್ಧವಾದ ಒಂದು ವೈದ್ಯಮತದ ಬಲದಿಂದ. ನಿಂತುದು ಮಾತ್ರ ತನ್ನ ಗುಣದಿಂದ. ಮುದ್ರೆಯ ಈಚೆಯ ಕಡೆಯಲ್ಲಿರುವ ಗೃಹಸ್ಥನನ್ನು ಅದು ಚೆನ್ನಾಗಿಯೇ ಕಾಪಾಡುತ್ತದೆ. ಅದು ತಡೆದ ಅನಿಲವು ಎಲ್ಲಿಯೂ ಮಾಯವಾಗುವುದಿಲ್ಲ. ಆಚೆಯ ಚರಂಡಿಯಲ್ಲಿ, ಗಾಳಿಯಾಡದ ಗುಂಡಿಗಳಲ್ಲಿ ಸೇರಿಕೊಂಡಿರುತ್ತದೆ. ಕಟ್ಟಿದ ಚರಂಡಿಯನ್ನು ಬಿಡಿಸಲು ಒಳಕ್ಕೆ ಇಳಿದ ಕೆಲಸಗಾರರು ಆ ಅನಿಲದಿಂದ ಪ್ರಾಣಬಿಟ್ಟ ಸುದ್ದಿಯು ೨೦೧೩ರ ಕಾಯಿದೆಯ ಮೇಲೆಯೂ ಬರುತ್ತಲೇ ಇದೆ. ಮನೆಯ ಕೆಳಗಿನ ಎರಡಂಗುಲ ನೀರು ಮಾಡಬಹುದಾದ ಕೆಲಸವನ್ನು ಮಾಡಿದೆ; ಅದರಿಂದ ಆಚೆಯ ರಕ್ಷಣೆಯು ಪೌರಸಭೆಗಳಿಗೂ ಅವುಗಳನ್ನು ಆರಿಸುವ ಪೌರರಿಗೂ ಸೇರಿದುದು.